ಹಾಜರಿ ಪುಸ್ತಕದ ‘ಪಿ’: ಅಂಗಡಿ, ಸಣ್ಣ ಕಚೇರಿಗಳ ಸಂಬಳ, ಬಿಡುವು, ರಜೆಯ ಲೆಕ್ಕ

ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಆಡಿಟರ್ ಆಫೀಸು, ಹತ್ತು ಜನರ ಸಾಫ್ಟ್‌ವೇರ್ ಕಚೇರಿ, ಯಾವುದೇ ಇರಲಿ. ಹಾಜರಿ ಪುಸ್ತಕ ತೆರೆದರೆ ಕಾಣುವುದು ಸಾಲುಸಾಲು ‘ಪಿ’, ನಡುವೆ ಅಲ್ಲೊಂದು ‘ಎ’ (ಗೈರು), ಇಲ್ಲೊಂದು ‘ಎಲ್’ (ರಜೆ). ಆ ‘ಪಿ’ ಹೇಳುವುದು ಇಷ್ಟೇ: ಆವತ್ತು ಆ ಮನುಷ್ಯ ಬಂದಿದ್ದ. ಎಷ್ಟು ಹೊತ್ತಿಗೆ ಬಂದ, ಊಟಕ್ಕೆ ಯಾವಾಗ ಎದ್ದ, ಶಟರ್ ಎಳೆದು ಮನೆಗೆ ಹೊರಟಿದ್ದು ಎಷ್ಟಕ್ಕೆ, ಒಂದೂ ಅದರಲ್ಲಿಲ್ಲ. ಸಂಬಳದ ತಕರಾರು ಸಂಬಳದ ಪಟ್ಟಿಯಲ್ಲಿ ಹುಟ್ಟುವುದು ಕಡಿಮೆ. ಅದು ಹುಟ್ಟುವುದು ಈ ಒಂದಕ್ಷರದಲ್ಲಿ.

ಕಾರಣ ಸರಳ. ‘ನನಗೆ ಓಟಿ (ಮಾಮೂಲಿ ಗಂಟೆ ಮೀರಿ ದುಡಿದದ್ದಕ್ಕೆ ಕೂಲಿ) ಕೊಟ್ಟಿಲ್ಲ, ಸಂಬಳ ಕಡಿಮೆ ಕೊಟ್ಟಿದ್ದಾರೆ’ ಎಂದು ಕೆಲಸಗಾರ ಅರ್ಜಿ ಹಾಕಿದರೆ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಸಂಬಳದ ಬಗೆಗಿನ ಕೇಂದ್ರ ಕಾಯ್ದೆಯಾದ 2019ರ ವೇತನ ಸಂಹಿತೆಯ 59ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಅರ್ಜಿ ಹಾಕಲು ಅವನಿಗೆ ಮೂರು ವರ್ಷ ಸಮಯವಿದೆ. ಬಾಕಿ ಇದೆ ಎಂದು ತೀರ್ಮಾನವಾದರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು. ಆಗ ಮಾಲೀಕನ ಕೈಯಲ್ಲಿರುವುದು ಮೂರು ವರ್ಷದ ‘ಪಿ’ಗಳು ಮಾತ್ರ. ಕೆಲಸಗಾರನ ಫೋನಿನಲ್ಲಿ ರಾತ್ರಿ ಒಂಬತ್ತೂವರೆಗೆ ‘ಸ್ಟಾಕ್ ಎಣಿಸಿ ಹೋಗಿ’ ಎಂದು ಬಂದ ವಾಟ್ಸಾಪ್ ಮೆಸೇಜುಗಳು ಇರುತ್ತವೆ. ಯಾರ ಮಾತು ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಕಾಯ್ದೆ ಯಾವುದಕ್ಕೆ

ಇಲ್ಲಿ ಗೊಂದಲ ಬಹಳ, ಅದರಲ್ಲೂ 2025ರ ನವೆಂಬರ್ 21ರಂದು ವೇತನ ಸಂಹಿತೆಯೂ ಸೇರಿ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ. ‘ಹಳೇ ಕಾಯ್ದೆಗಳೆಲ್ಲ ಹೋದವು’ ಎಂಬ ಮಾತು ವ್ಯಾಪಾರಿಗಳ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ಅರ್ಧ ಸತ್ಯ. ವೇತನ ಪಾವತಿ ಕಾಯ್ದೆ, ಕನಿಷ್ಠ ವೇತನ ಕಾಯ್ದೆ, ಬೋನಸ್ ಕಾಯ್ದೆ, ಸಮಾನ ವೇತನ ಕಾಯ್ದೆ ನಾಲ್ಕೂ ವೇತನ ಸಂಹಿತೆಯೊಳಗೆ ಸೇರಿಹೋದವು. ಆದರೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ ಕಾಯ್ದೆ. ಅದು ಇದ್ದಲ್ಲೇ ಇದೆ. ಅಂಗಡಿ, ಕಚೇರಿಯ ಕೆಲಸದ ಗಂಟೆ, ಊಟದ ಬಿಡುವು, ವಾರದ ರಜೆ, ಗಳಿಕೆ ರಜೆ (ದುಡಿದ ದಿನಗಳ ಲೆಕ್ಕಕ್ಕೆ ಸಿಗುವ ರಜೆ), ಕಾಯಿಲೆ ರಜೆ ಇವೆಲ್ಲ ಅದರಿಂದಲೇ ನಡೆಯುತ್ತವೆ. ಸಂಬಳ ಯಾವ ತಾರೀಖಿನೊಳಗೆ ಕೊಡಬೇಕು, ಏನೇನು ಕಡಿತ ಮಾಡಬಹುದು ಎಂಬುದು ಸಂಹಿತೆಗೆ ಸೇರಿದ್ದು. ರಾಷ್ಟ್ರೀಯ ಹಾಗೂ ಹಬ್ಬದ ರಜೆಗೆ 1963ರ ಇನ್ನೊಂದು ರಾಜ್ಯ ಕಾಯ್ದೆ ಇದೆ.

ಹೊಸ ಅಂಗಡಿ ತೆರೆದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ಪ್ರಮಾಣಪತ್ರ ಐದು ವರ್ಷಕ್ಕೆ. ಇದು ಬಹುತೇಕರಿಗೆ ಗೊತ್ತು, ಏಕೆಂದರೆ ಬ್ಯಾಂಕ್ ಖಾತೆ ತೆರೆಯಲು ಅದು ಬೇಕು. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂಬುದೂ ಗೊತ್ತು, ಏಕೆಂದರೆ ಅದು ರಸ್ತೆಗೆ ಕಾಣುತ್ತದೆ. ಕಾಣದೇ ಉಳಿಯುವುದು ಅಂಗಡಿ ಕಾಯ್ದೆಯ 6ಎ ಸೆಕ್ಷನ್: ಪ್ರತಿ ಕೆಲಸಗಾರನಿಗೂ ಸೇರಿದ 30 ದಿನದೊಳಗೆ ‘ಕ್ಯೂ’ ನಮೂನೆಯಲ್ಲಿ ನೇಮಕಾತಿ ಆದೇಶ ಕೊಡಬೇಕು. ‘ನಮ್ಮ ಹುಡುಗನೇ, ಹತ್ತು ವರ್ಷದಿಂದ ಇದ್ದಾನೆ, ಅವನಿಗೇನು ಕಾಗದ’ ಅನ್ನುವ ಕಡೆಯೇ ಮುಂದೆ ಸಂಬಳ ಎಷ್ಟಕ್ಕೆ ಒಪ್ಪಿಕೊಂಡಿದ್ದು, ಯಾವಾಗ ಸೇರಿದ್ದು ಎಂದು ಹಗ್ಗ ಜಗ್ಗಾಟ ನಡೆಯುತ್ತದೆ. ಆ ಒಂದು ಹಾಳೆಯಲ್ಲಿ ಹುದ್ದೆ, ಸೇರಿದ ದಿನ, ಸಂಬಳದ ವಿಂಗಡಣೆ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದಿನ ಅರ್ಧ ಜಗಳ ಮುಗಿದ ಹಾಗೆ.

ಇನ್ನೊಂದು ಜಾಣತನ ಎಲ್ಲೆಡೆ ನಡೆಯುತ್ತದೆ. ಆಡಳಿತದ ಸ್ಥಾನದಲ್ಲಿರುವವರಿಗೆ ಅಂಗಡಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಕೌಂಟರಿನವರೆಲ್ಲ ‘ಫ್ಲೋರ್ ಮ್ಯಾನೇಜರ್’ ಆಗಿಬಿಡುತ್ತಾರೆ. ನೋಡುವುದು ಕಾರ್ಡಿನ ಮೇಲಿನ ಹುದ್ದೆಯನ್ನಲ್ಲ, ಮಾಡುವ ಕೆಲಸವನ್ನು. ಸೀರೆ ಮಡಚಿ ಇಡುವ ಮ್ಯಾನೇಜರ್ ಕೆಲಸಗಾರನೇ.

ಒಂಬತ್ತು, ನಲವತ್ತೆಂಟು, ಹನ್ನೆರಡು

ಗಂಟೆಯ ಲೆಕ್ಕದಲ್ಲಿ ಐದು ಮಿತಿಗಳಿವೆ. ಐದನ್ನೂ ಒಟ್ಟಿಗೆ ಹಿಡಿಯಬೇಕು, ಒಂದನ್ನು ಮಾತ್ರ ನೋಡಿದರೆ ಎಡವಟ್ಟಾಗುತ್ತದೆ. ದಿನಕ್ಕೆ 9 ಗಂಟೆ. ವಾರಕ್ಕೆ 48 ಗಂಟೆ. ಓಟಿ ಸೇರಿಸಿಯೂ ದಿನಕ್ಕೆ 10 ಗಂಟೆ ಮೀರುವಂತಿಲ್ಲ, ಸ್ಟಾಕ್ ಎಣಿಕೆ ಮತ್ತು ಲೆಕ್ಕಪತ್ರ ಮುಗಿಸುವ ದಿನಗಳನ್ನು ಬಿಟ್ಟು. ಸತತ ಮೂರು ತಿಂಗಳಲ್ಲಿ ಓಟಿ ಒಟ್ಟು 50 ಗಂಟೆ ದಾಟುವಂತಿಲ್ಲ. ಬಿಡುವೂ ಸೇರಿ, ಬಂದ ಹೊತ್ತಿನಿಂದ ಹೋಗುವ ಹೊತ್ತಿನವರೆಗೆ 12 ಗಂಟೆ ಮೀರುವಂತಿಲ್ಲ.

ಮೊದಲ ಎಡವಟ್ಟು ಮೊದಲೆರಡು ಮಿತಿಗಳ ನಡುವೆಯೇ ಇದೆ. ‘ನಾವು ಒಂಬತ್ತು ಗಂಟೆ ದಾಟಿಸುವುದೇ ಇಲ್ಲ’ ಎನ್ನುವ ಅಂಗಡಿ ವಾರಕ್ಕೆ ಆರು ದಿನ ತೆರೆದಿರುತ್ತದೆ. ಒಂಬತ್ತಾರಲಿ ಐವತ್ತನಾಲ್ಕು. ಪ್ರತಿ ವಾರ ಆರು ಗಂಟೆ ಓಟಿ ಸದ್ದಿಲ್ಲದೆ ಸೇರುತ್ತಾ ಹೋಗುತ್ತದೆ. ಹದಿಮೂರು ವಾರಕ್ಕೆ 78 ಗಂಟೆ, ಅಂದರೆ 50ರ ಮಿತಿಯೂ ಮುರಿಯಿತು. ಐದು ದಿನದ ಕಚೇರಿಗೆ ಈ ತಾಪತ್ರಯ ಇಲ್ಲ, ಒಂಬತ್ತೈದಲಿ ನಲವತ್ತೈದು.

ಈಗ ನಿಜವಾದ ಒಂದು ಅಂಗಡಿಯ ದಿನ ಹೇಗಿರುತ್ತದೆ ನೋಡೋಣ. ಬೆಳಿಗ್ಗೆ 9:30ಕ್ಕೆ ಬಾಗಿಲು, ರಾತ್ರಿ 9ಕ್ಕೆ ಶಟರ್. ಎಲ್ಲರೂ ಪೂರ್ತಿ ದಿನ ಇರುತ್ತಾರೆ. ಒಟ್ಟು ಹನ್ನೊಂದೂವರೆ ಗಂಟೆ, ಹನ್ನೆರಡರ ಒಳಗಿದೆ. ಊಟಕ್ಕೆ ಒಂದು ಗಂಟೆ, ಎರಡು ಸಲ ಟೀಗೆ ಕಾಲು ಕಾಲು ಗಂಟೆ. ಉಳಿದದ್ದು ಹತ್ತು ಗಂಟೆ ಕೆಲಸ. ದಿನದ ಗರಿಷ್ಠ ಮಿತಿಗೆ ಸರಿಯಾಗಿ ತಾಗಿಕೊಂಡಿದೆ. ವಾರಕ್ಕೆ 60 ಗಂಟೆ, 12 ಗಂಟೆ ಓಟಿ. ಮಾಲೀಕ ಪ್ರಾಮಾಣಿಕ, ಓಟಿಯನ್ನು ಪೈಸೆ ಬಿಡದೆ ಕೊಡುತ್ತಾನೆ ಅಂತಲೇ ಇಟ್ಟುಕೊಳ್ಳಿ. ಐದನೇ ವಾರದ ಹೊತ್ತಿಗೆ 50 ಗಂಟೆ ಮುಗಿದುಹೋಗುತ್ತದೆ. ಆಮೇಲೆ ದುಡ್ಡು ಕೊಟ್ಟರೂ ದುಡಿಸಿಕೊಳ್ಳುವಂತಿಲ್ಲ. ‘ಓಟಿ ಕೊಡ್ತೀವಲ್ಲ’ ಎಂಬುದು ಉತ್ತರವಾಗುವುದಿಲ್ಲ.

ಇದಕ್ಕೆ ಹೊಸ ಜನ ಬೇಕಾಗಿಲ್ಲ, ಎರಡು ತಂಡ ಸಾಕು. ಮೊದಲ ತಂಡ 9:30ರಿಂದ 6:30. ಎರಡನೆಯದು ಮಧ್ಯಾಹ್ನ 12ರಿಂದ ರಾತ್ರಿ 9. ಎರಡಕ್ಕೂ ನಡುವೆ ಒಂದು ಗಂಟೆ ಬಿಡುವು ತೆಗೆದರೆ ಎಂಟು ಗಂಟೆ ಕೆಲಸ, ಆರು ದಿನಕ್ಕೆ ಸರಿಯಾಗಿ 48. ಗಿರಾಕಿ ಜಾಸ್ತಿ ಇರುವ 12ರಿಂದ 6:30ರವರೆಗೆ ಎರಡೂ ತಂಡ ಇರುತ್ತವೆ. ಬೆಳಿಗ್ಗೆ ಬಾಗಿಲು ತೆರೆದ ಎರಡೂವರೆ ತಾಸು ಜನ ಕಡಿಮೆ ಇದ್ದರೆ ನಡೆಯುತ್ತದೆ. ಸಂಜೆ 6:30ರ ನಂತರವೂ ನೂಕುನುಗ್ಗಲು ಇರುವ ಪೇಟೆಯಾದರೆ ಎರಡನೇ ತಂಡಕ್ಕೆ ಇನ್ನಿಬ್ಬರನ್ನು ಜಾಸ್ತಿ ಹಾಕಬೇಕು. ದಸರಾ, ದೀಪಾವಳಿ, ಯುಗಾದಿಗೆ ಬೇಕಾಗುವ ಹೆಚ್ಚುವರಿ ಗಂಟೆಗಳಿಗೆ ಆ 50ನ್ನು ಉಳಿಸಿಟ್ಟುಕೊಳ್ಳಬಹುದು. ಅಷ್ಟಕ್ಕೇ ಅದು ಇರುವುದು.

ಎರಡನೇ ತಂಡ ಮಾಡುವಾಗ ಮರೆಯುವ ಒಂದು ವಿಷಯ: ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ಇರಿಸಿಕೊಳ್ಳುವುದು ತಾನೇ ತಾನಾಗಿ ಆಗುವ ಮಾತಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು 2021ರ ಜನವರಿಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿದಾಗಲೂ, ಅವರ ಲಿಖಿತ ಒಪ್ಪಿಗೆ ಮತ್ತು ಮನೆಗೆ ಹೋಗುವ ವಾಹನದ ಷರತ್ತು ಹಾಕಿಯೇ ಹೊರಡಿಸಿತು. ಬಾಯಿಮಾತಿನ ‘ಆಯ್ತು ಸಾರ್’ ಒಪ್ಪಿಗೆಯಲ್ಲ.

ಊಟದ ಗಂಟೆ ಯಾರದು

ಸತತ ಐದು ಗಂಟೆ ಕೆಲಸ ಆಗುವುದರೊಳಗೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಅಂಗಡಿ ಕಾಯ್ದೆಯ ಒಂಬತ್ತನೇ ಸೆಕ್ಷನ್ ಹೇಳುವುದು ಇಷ್ಟೇ, ಆದರೆ ದಿನನಿತ್ಯ ಸೋಲುವುದು ಇಲ್ಲಿಯೇ.

9:30ಕ್ಕೆ ಬಂದವನು 2:30ರೊಳಗೆ ಊಟಕ್ಕೆ ಏಳಲೇಬೇಕು. ‘ಗಿರಾಕಿ ಇದ್ದಾರೆ, ಮೂರಕ್ಕೆ ಹೋಗು’ ಅಂದ ದಿನವೆಲ್ಲ ಉಲ್ಲಂಘನೆ. 12ಕ್ಕೆ ಬರುವ ತಂಡಕ್ಕೆ ಗಡುವು ಸಂಜೆ 5. ಅವರು ಮನೆಯಲ್ಲಿ ಉಂಡು ಬರುತ್ತಾರೆ, ‘ಅವರಿಗೆಂಥ ಊಟದ ಬಿಡುವು’ ಎಂದು ಬಿಟ್ಟುಬಿಡುತ್ತಾರೆ. ಕಾಯ್ದೆ ಊಟದ ಬಗ್ಗೆ ಮಾತಾಡುವುದಿಲ್ಲ, ವಿಶ್ರಾಂತಿಯ ಬಗ್ಗೆ ಮಾತಾಡುತ್ತದೆ. ಅವರಿಗೆ 4ರಿಂದ 5 ಅಂತ ಇಟ್ಟರೆ ಹಿಂದೆ ನಾಲ್ಕು, ಮುಂದೆ ನಾಲ್ಕು ಗಂಟೆ, ತಕರಾರಿಲ್ಲ.

ಒಂದು ಗಂಟೆಯನ್ನು ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ತುಂಡು ಮಾಡಿ ಲೆಕ್ಕ ಒಪ್ಪಿಸುವವರಿದ್ದಾರೆ. ಅದು ಒಂದು ಗಂಟೆಯ ಬಿಡುವು ಆಗುವುದಿಲ್ಲ. ಮೇಲಿನ ಹತ್ತು ಗಂಟೆಯ ಅಂಗಡಿಯಲ್ಲಿ ಟೀ ಬಿಡುವು ಬೇರೆ, ಊಟದ ಗಂಟೆ ಬೇರೆ ಇತ್ತು. ಹಾಗೆ ಇರಬೇಕು.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ, ಕೌಂಟರ್ ಹಿಂದೆ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚುವುದು. ಎರಡು ತುತ್ತು ಹೋಗುವುದರೊಳಗೆ ಗಿರಾಕಿ, ಕೈ ಒರೆಸಿಕೊಂಡು ಎದ್ದು ಬಿಲ್ ಹಾಕಿ ಮತ್ತೆ ಕೂರುವುದು. ಹಾಜರಿಯಲ್ಲಿ ‘1:30–2:30 ಬಿಡುವು’. ಅದೇ ಹೊತ್ತಿನಲ್ಲಿ ಅವನ ಲಾಗಿನ್‌ನಲ್ಲಿ ಏಳು ಬಿಲ್ಲು. ಬಿಲ್ಲಿಂಗ್ ಮೆಷಿನ್ ಸಮಯ ಸಮೇತ ಎಲ್ಲ ಬರೆದಿಟ್ಟುಕೊಳ್ಳುತ್ತದೆ ಎಂಬುದು ಮಾಲೀಕನಿಗೆ ನೆನಪಾಗುವುದು ತೀರ ತಡವಾಗಿ. ಆ ಗಂಟೆ ಕೆಲಸದ ಗಂಟೆಯೇ ಆಯಿತು, ಅದಕ್ಕೆ ಓಟಿ ದರವೂ ಬಿತ್ತು. ಪರಿಹಾರ: ಬಿಡುವಿನ ಹೊತ್ತಿಗೆ ಆ ಲಾಗಿನ್ ಬಂದ್ ಆಗಬೇಕು, ಊಟದ ಜಾಗ ಕೌಂಟರಿನಿಂದ ಬೇರೆ ಇರಬೇಕು. ಗೋದಾಮಿನ ಮೂಲೆಯಲ್ಲಿ ಒಂದು ಮೇಜು, ಫ್ಯಾನು ಆದರೂ ಸಾಕು.

ಹಸುಗೂಸಿರುವ ತಾಯಿ ಕೆಲಸಕ್ಕೆ ಮರಳಿದರೆ, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಹೆಚ್ಚುವರಿಯಾಗಿ ಕೊಡಬೇಕು. ಇದು ಊಟದ ಗಂಟೆಯಿಂದ ಕತ್ತರಿಸುವುದಲ್ಲ. ಸಣ್ಣ ಅಂಗಡಿಗಳಲ್ಲಿ ಈ ಸಾಲನ್ನು ಹಾಜರಿಯಲ್ಲಿ ಕಂಡವರೇ ಕಡಿಮೆ.

ಕೊಡುವಾಗ 30, ಕತ್ತರಿಸುವಾಗ 26

ಓಟಿ ದರ ಮಾಮೂಲಿ ದರದ ಎರಡು ಪಟ್ಟು. ಎರಡು ಪಟ್ಟು ಎಂಬುದು ಎಲ್ಲರಿಗೂ ಗೊತ್ತು. ಯಾವುದರ ಎರಡು ಪಟ್ಟು ಎಂಬಲ್ಲಿ ಆಟ.

ತಿಂಗಳಿಗೆ 20,800 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಈ ಮೊತ್ತ, ಇದೇ ಕನಿಷ್ಠ ವೇತನ ಅಂತಲ್ಲ. ವಾರದ ರಜೆ ಸಂಬಳ ಸಮೇತದ್ದು, ಆದ್ದರಿಂದ ತಿಂಗಳ ಕೆಲಸದ ದಿನ 26. ದಿನಕ್ಕೆ 800. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 100. ಓಟಿ ಗಂಟೆಗೆ 200. ಇದೇ ಲೆಕ್ಕವನ್ನು 30 ದಿನ, 9 ಗಂಟೆ ಹಿಡಿದು ಮಾಡಿದರೆ ಗಂಟೆಗೆ 77 ರೂಪಾಯಿ 4 ಪೈಸೆ, ಎರಡು ಪಟ್ಟು 154 ರೂಪಾಯಿ. ಪ್ರತಿ ಓಟಿ ಗಂಟೆಗೆ 46 ರೂಪಾಯಿ ಕೆಲಸಗಾರನ ಜೇಬಿನಿಂದ ಹೋಯಿತು. ಸಾಫ್ಟ್‌ವೇರಿನಲ್ಲಿ ಒಮ್ಮೆ ‘30’ ಅಂತ ಸೆಟ್ ಆದರೆ ಯಾರೂ ಅದನ್ನು ಮತ್ತೆ ತೆರೆದು ನೋಡುವುದಿಲ್ಲ.

ತಮಾಷೆಯೆಂದರೆ ಅದೇ ಅಂಗಡಿಯಲ್ಲಿ ಗೈರುಹಾಜರಿಗೆ ಸಂಬಳ ಹಿಡಿಯುವಾಗ ದಿನಕ್ಕೆ 800 ಹಿಡಿಯುತ್ತಾರೆ, ಅಂದರೆ 26ರ ಭಾಗಾಕಾರ. ಕೊಡುವಾಗ ಒಂದು ಅಳತೆ, ಕತ್ತರಿ ಹಾಕುವಾಗ ಇನ್ನೊಂದು. ಯಾವುದಾದರೂ ಒಂದನ್ನು ಹಿಡಿದು ಎಲ್ಲದಕ್ಕೂ ಬಳಸಿ, ಮತ್ತು ಅದು 26 ಆಗಿರಲಿ. ಕನಿಷ್ಠ ವೇತನದ ದಿನಗೂಲಿ ಬರುವುದೂ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿಯೇ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಸಿಗುವ ಮೊತ್ತ) ಸೂತ್ರದಲ್ಲಿ ಕೂಡ 15/26 ಇದೆ.

ಕನಿಷ್ಠ ವೇತನದ ಮಾತು ಬಂತು. ಕರ್ನಾಟಕದಲ್ಲಿ ಅದು ಮೂಲ ವೇತನ ಮತ್ತು ವ್ಯತ್ಯಾಸವಾಗುವ ತುಟ್ಟಿಭತ್ಯೆ ಸೇರಿದ ಮೊತ್ತ, ವಲಯಕ್ಕೂ ಕೌಶಲಕ್ಕೂ ತಕ್ಕಂತೆ ಬೇರೆ ಬೇರೆ. ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಜೊತೆ ಪ್ರತಿ ಏಪ್ರಿಲ್ 1ಕ್ಕೆ ಏರುತ್ತದೆ. ಅಂಗಡಿಗಳಲ್ಲಿ ಸಂಬಳ ಏರಿಸುವ ವಾಡಿಕೆ ದೀಪಾವಳಿಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕನಿಷ್ಠಕ್ಕಿಂತ ನೂರೋ ಇನ್ನೂರೋ ಕಡಿಮೆ ಕೊಟ್ಟಿರುತ್ತಾರೆ, ಯಾರಿಗೂ ಗೊತ್ತೇ ಆಗಿರುವುದಿಲ್ಲ. ಮಾರ್ಚ್ ಕೊನೆಯ ವಾರ ಹೊಸ ದರಪಟ್ಟಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಒಬ್ಬೊಬ್ಬರ ಹೆಸರಿನ ಮುಂದೆ ಟಿಕ್ ಹಾಕಿದರೆ ಅರ್ಧ ಗಂಟೆಯ ಕೆಲಸ.

ಸಂಹಿತೆ ತಂದ ಇನ್ನೊಂದು ಬದಲಾವಣೆ ‘ವೇತನ’ದ ವ್ಯಾಖ್ಯೆ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಮುಂತಾದ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟೂ ವೇತನಕ್ಕೇ ಸೇರುತ್ತದೆ. 20,800ರಲ್ಲಿ ಮೂಲ ವೇತನ 8,000, ಉಳಿದ 12,800 ಇಂಥ ಭತ್ಯೆಗಳು ಎಂದಾದರೆ, ಅರ್ಧ 10,400. ಮೀರಿದ 2,400 ಮೂಲಕ್ಕೆ ಕೂಡಿ ವೇತನ 10,400 ಆಗುತ್ತದೆ. ಮೂಲ ವೇತನ ಸಣ್ಣದು ಮಾಡಿ ಗ್ರಾಚ್ಯುಟಿ ಉಳಿಸುವ ಹಳೇ ವಿದ್ಯೆ ಇನ್ನು ಅಷ್ಟು ನಡೆಯುವುದಿಲ್ಲ.

ಹತ್ತು ನಿಮಿಷಕ್ಕೆ ಅರ್ಧ ದಿನ

ತಡವಾಗಿ ಬಂದರೆ ಅರ್ಧ ದಿನದ ಸಂಬಳ ಕಟ್. ಮೂರು ಸಲ ತಡವಾದರೆ ಒಂದು ದಿನ ಕಟ್. ಈ ಬೋರ್ಡು ನೇತಾಡದ ಅಂಗಡಿ ಹುಡುಕಬೇಕು. ಗೈರಾದ ಹೊತ್ತಿಗೆ ಎಷ್ಟೋ ಅಷ್ಟೇ ಪ್ರಮಾಣದಲ್ಲಿ ಸಂಬಳ ಹಿಡಿಯಬಹುದು ಎಂಬುದು ನಿಯಮ. ಮೇಲಿನ ಲೆಕ್ಕದ ಕೆಲಸಗಾರ 15 ನಿಮಿಷ ತಡವಾದರೆ ಹಿಡಿಯಬಹುದಾದದ್ದು 25 ರೂಪಾಯಿ. ಅರ್ಧ ದಿನ ಅಂದರೆ 400. ಹೆಚ್ಚುವರಿ 375 ರೂಪಾಯಿ ಅಕ್ರಮ ಕಡಿತ, ಮತ್ತು ಅದು ಮಾಲೀಕನ ಕೈಬರಹದಲ್ಲೇ ಪಟ್ಟಿಯಲ್ಲಿ ಕೂತಿರುತ್ತದೆ.

ಶಿಸ್ತಿಗೆ ದಂಡ ಹಾಕಲೇಬೇಕೆಂದರೆ ಅದಕ್ಕೂ ದಾರಿ ಇದೆ. ಯಾವುದಕ್ಕೆ ದಂಡ ಎಂದು ಮೊದಲೇ ಮಂಜೂರಾತಿ ಪಡೆದು ಪ್ರಕಟಿಸಿರಬೇಕು, ಅವನ ಮಾತು ಕೇಳಬೇಕು, ತಿಂಗಳ ವೇತನದ ಶೇ 3 ಮೀರಬಾರದು, 90 ದಿನದ ನಂತರ ವಸೂಲಿ ಮಾಡಬಾರದು, ಕಂತಿನಲ್ಲಿ ಹಿಡಿಯಬಾರದು. ಇಷ್ಟೆಲ್ಲ ಮಾಡುವುದಕ್ಕಿಂತ ಆ ಹದಿನೈದು ನಿಮಿಷವನ್ನು ಸಂಜೆ ಹೆಚ್ಚು ನಿಲ್ಲಿಸಿಕೊಂಡು ಸರಿಮಾಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಗಲ್ಲಾ ಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಬಂದರೆ? ಅವನ ಸುಪರ್ದಿಗೆ ಒಪ್ಪಿಸಿದ್ದ ಹಣವಾಗಿದ್ದು, ಅವನ ಅಲಕ್ಷ್ಯದಿಂದಲೇ ಹೋದದ್ದಾದರೆ, ವಿವರಣೆ ಕೇಳಿದ ನಂತರ ಹಿಡಿಯಬಹುದು. ನಾಲ್ಕು ಜನ ಮುಟ್ಟುವ ಗಲ್ಲಾದ ಕೊರತೆಯನ್ನು ನಾಲ್ವರಿಗೂ ಹಂಚುವುದು ನಿಲ್ಲುವುದಿಲ್ಲ, ಯಾರ ಅಲಕ್ಷ್ಯ ಎಂದೇ ಗೊತ್ತಿಲ್ಲವಲ್ಲ. ಅಡ್ವಾನ್ಸ್ ಹಿಡಿಯುವಾಗಲೂ ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರುವಂತಿಲ್ಲ.

ಸಂಬಳ ಕೊಡುವ ಗಡುವು ಮುಂದಿನ ತಿಂಗಳ 7ನೇ ತಾರೀಖು. ಸಂಬಳದ ಚೀಟಿ ಕೊಡಬೇಕು, ಅದರಲ್ಲಿ ಓಟಿ ಗಂಟೆ ಬೇರೆ ಸಾಲಿನಲ್ಲಿರಬೇಕು. ‘ಇತರೆ – 1,400’ ಎಂದು ಹಾಕಿದರೆ ಓಟಿ ಕೊಟ್ಟದ್ದೂ ಕೊಟ್ಟಂತಾಗುವುದಿಲ್ಲ.

ರಜೆ

ವಾರಕ್ಕೆ ಒಂದು ಪೂರ್ತಿ ದಿನ ರಜೆ, ಸಂಬಳ ಕಡಿತವಿಲ್ಲದೆ. ಯಾರಿಗೆ ಯಾವ ದಿನ ಎಂದು ಬರೆದು ಗೋಡೆಗೆ ಅಂಟಿಸಿರಬೇಕು.

ಶನಿವಾರ ಗಳಿಕೆ ರಜೆ, ಭಾನುವಾರ ವಾರದ ರಜೆ, ಸೋಮವಾರ ಗಳಿಕೆ ರಜೆ ಹಾಕಿದರೆ ಮೂರು ದಿನ ಕಳೆಯುವ ‘ಸ್ಯಾಂಡ್‌ವಿಚ್’ ಪದ್ಧತಿ ಕಚೇರಿಗಳಲ್ಲಿ ಬಹಳ ಪ್ರಸಿದ್ಧ. ಭಾನುವಾರ ಹೇಗೂ ಅವನದೇ, ಅದನ್ನು ಅವನ ರಜೆ ಖಾತೆಯಿಂದ ಮತ್ತೆ ಕಳೆಯುವುದು ಹೇಗೆ? ಎರಡೇ ದಿನ ಕಳೆಯಿರಿ.

ಗಳಿಕೆ ರಜೆ ಇಪ್ಪತ್ತು ದಿನ ಕೆಲಸ ಮಾಡಿದ್ದಕ್ಕೆ ಒಂದು ದಿನ. ಹಿಂದಿನ ಕ್ಯಾಲೆಂಡರ್ ವರ್ಷದಲ್ಲಿ 280 ದಿನ ಕೆಲಸ ಮಾಡಿದ್ದರೆ ಈ ವರ್ಷ 14. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ, 45 ದಿನದ ಮಿತಿಯವರೆಗೆ. ಮೊದಲು ಇದು 30 ಇತ್ತು. ಎಷ್ಟೋ ಕಚೇರಿಗಳ ರಜಾ ನಿಯಮದ ಪುಸ್ತಕದಲ್ಲಿ ಇವತ್ತಿಗೂ 30 ಅಂತಲೇ ಇದೆ, ಡಿಸೆಂಬರ್ 31ರ ರಾತ್ರಿ ಸಾಫ್ಟ್‌ವೇರ್ 31ನೇ ದಿನದಿಂದ ಮೇಲಿನದನ್ನೆಲ್ಲ ಅಳಿಸಿಹಾಕುತ್ತದೆ. ಆ ಸೆಟ್ಟಿಂಗ್ ಇವತ್ತೇ ನೋಡಿ.

ಕಾಯಿಲೆ ರಜೆ 12 ದಿನ, ಸಂಬಳ ಸಮೇತ. ಇದು ಕೆಲಸಕ್ಕೆ ಸೇರಿದ ಮೊದಲ ಹನ್ನೆರಡು ತಿಂಗಳಿಗೂ ಇದೆ. ‘ಪ್ರೊಬೇಷನ್ ಮುಗಿಯುವವರೆಗೆ ರಜೆ ಇಲ್ಲ’ ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಕ್ಯಾಶುವಲ್ ಲೀವ್ ಎಂಬ ಹೆಸರು ಅಂಗಡಿ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಕೊಟ್ಟರೆ ಸಂತೋಷ, ಆದರೆ ಅದನ್ನು ಕೊಟ್ಟೆವು ಎಂದು ಕಾಯಿಲೆ ರಜೆಯಿಂದ ಆರು ದಿನ ಹಿಡಿದಿಟ್ಟುಕೊಳ್ಳುವಂತಿಲ್ಲ.

ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಈ ಐದು, ಜೊತೆಗೆ ಐದು ಹಬ್ಬದ ರಜೆ, ವರ್ಷಕ್ಕೆ ಹತ್ತು. ರಾಜ್ಯೋತ್ಸವದ ದಿನ ಅಂಗಡಿ ಮುಂದೆ ಬಾವುಟ ಹಾರಿಸಿ ಒಳಗೆ ಮಾಮೂಲಿ ವ್ಯಾಪಾರ ನಡೆಸುವುದು ರೂಢಿ. ನಡೆಸಿ, ಆದರೆ ಬಂದವನಿಗೆ ಎರಡು ಪಟ್ಟು ಕೂಲಿ, ಇಲ್ಲವೇ ಆವತ್ತಿನ ಕೂಲಿಯ ಜೊತೆ ಸಂಬಳ ಸಮೇತ ಬದಲಿ ರಜೆ. ತಿಂಗಳ ಸಂಬಳದಲ್ಲಿ ಆ ದಿನದ 800 ಹೇಗೂ ಸೇರಿದೆ, ಆದ್ದರಿಂದ ಎರಡು ಪಟ್ಟು ಎಂದರೆ ಮೇಲೆ ಇನ್ನೊಂದು 800. ಮತದಾನದ ದಿನ ಸಂಬಳ ಸಮೇತ ರಜೆ ಬೇರೆಯೇ, ಅದು 1951ರ ಜನಪ್ರಾತಿನಿಧ್ಯ ಕಾಯ್ದೆಯಿಂದ ಬಂದದ್ದು. ಹತ್ತರಲ್ಲಿ ಎಣಿಸಬೇಡಿ.

ಹೆರಿಗೆ ರಜೆ 26 ವಾರ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಎರಡು ಮಕ್ಕಳು ಇದ್ದವರಿಗೆ 12 ವಾರ. ಇದಲ್ಲದೆ 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಮೇತ ಮುಟ್ಟಿನ ರಜೆ ಕೊಡಬೇಕೆಂದು ಆದೇಶ ಮಾಡಿತು. ಅಂಗಡಿ ಕಾಯ್ದೆಯ ಸಂಸ್ಥೆಗಳೂ ಅದರೊಳಗಿವೆ. ಆ ತಿಂಗಳದ್ದು ಆ ತಿಂಗಳಿಗೇ ಮುಗಿಯುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಡಾಕ್ಟರ್ ಸರ್ಟಿಫಿಕೇಟ್ ಕೇಳುವಂತಿಲ್ಲ. ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಹಾಗೆಂದು ತೀರ್ಪು ಬರುವವರೆಗೆ ಕೊಡುವುದೇ ಬೇಡ ಎಂದು ಕೂರಬೇಡಿ. ಹಾಜರಿಯಲ್ಲಿ ಇದಕ್ಕೆ ಬೇರೆ ಸಂಕೇತ ಹಾಕಿ, ಎಲ್ಲರೂ ಓದುವ ಗೋಡೆಯ ಪಟ್ಟಿಯಲ್ಲಿ ಕಾರಣ ಬರೆಯಬೇಡಿ.

ಪುಸ್ತಕ ಬರೆಯುವುದು ಹೇಗೆ

‘ಟಿ’ ನಮೂನೆಯಲ್ಲಿ ಹಾಜರಿ, ಸಂಬಳ ಎರಡೂ ಒಟ್ಟಿಗೆ ಬರುತ್ತದೆ. ಅದರ ಹಿಂದೆ ದಿನದ ಒಂದು ಹಾಳೆ ಇರಲಿ. ಒಬ್ಬೊಬ್ಬರಿಗೂ ನಾಲ್ಕು ಸಮಯ: ಬಂದದ್ದು, ಬಿಡುವಿಗೆ ಎದ್ದದ್ದು, ಮರಳಿದ್ದು, ಹೋದದ್ದು. 9:34, 1:31, 2:33, 6:35, ಹೀಗೆ. ಎಲ್ಲರಿಗೂ ದಿನಾ 9:30, 1:30, 2:30, 6:30 ಎಂದೇ ಇದ್ದರೆ ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ತುಂಬಿದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಬೆರಳಚ್ಚಿನ ಯಂತ್ರ ಇದ್ದರೂ ಅನೇಕ ಕಡೆ ಬರುವಾಗ, ಹೋಗುವಾಗ ಮಾತ್ರ ಒತ್ತಿಸುತ್ತಾರೆ. ಊಟದ ಎರಡು ಒತ್ತು ಇಲ್ಲದಿದ್ದರೆ 9:30ರಿಂದ 6:30 ಪೂರ್ತಿ ಒಂಬತ್ತು ಗಂಟೆ ಕೆಲಸ ಎಂದೇ ಆ ಯಂತ್ರ ಸಾಕ್ಷಿ ಹೇಳುತ್ತದೆ.

ತಿಂಗಳ ಕೊನೆಗೆ ಓಟಿ ಗಂಟೆ ಕೂಡಿ, ಕೆಲಸಗಾರನಿಂದ ಅದರ ಪಕ್ಕ ಸಹಿ ಹಾಕಿಸಿ. ಸಂಬಳ ಕೊಟ್ಟ ಮೇಲಲ್ಲ, ಲೆಕ್ಕ ಹಾಕುವ ಮೊದಲು. ತಪ್ಪಿದ್ದರೆ ಅವನು ಅಲ್ಲಿಯೇ ಹೇಳುತ್ತಾನೆ, ಎರಡು ನಿಮಿಷದಲ್ಲಿ ಸರಿಯಾಗುತ್ತದೆ. ಮೂರು ತಿಂಗಳ ಓಟಿಯ ಓಡುವ ಮೊತ್ತಕ್ಕೆ ಇನ್ನೊಂದು ಕಾಲಂ ಇಟ್ಟು, 40 ದಾಟಿದ ಕೂಡಲೇ ಕೆಂಪು ಶಾಯಿಯಲ್ಲಿ ಬರೆಯಿರಿ.

ಕೆಲಸ ಬಿಡುವವನ ಲೆಕ್ಕ ಈ ಪುಸ್ತಕದ ನಿಜವಾದ ಪರೀಕ್ಷೆ. ಹಿಂದೆ ‘ಮುಂದಿನ ತಿಂಗಳು ಹತ್ತಕ್ಕೆ ಬಾ’ ಎನ್ನುತ್ತಿದ್ದರು. ಈಗ ತೆಗೆದುಹಾಕಿದರೂ, ತಾನೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಆಗಬೇಕು. ತೆಗೆದುಹಾಕುವುದಾದರೆ, ಆರು ತಿಂಗಳು ಸತತ ಸೇವೆ ಆಗಿದ್ದವನಿಗೆ ಸಕಾರಣವೂ ಬೇಕು, ಒಂದು ತಿಂಗಳ ನೋಟಿಸೋ ಅದರ ಬದಲು ಸಂಬಳವೋ ಬೇಕು. ದುರ್ನಡತೆಯಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. 18ನೇ ತಾರೀಖು ಬಿಟ್ಟವನ ಚೀಟಿ ಹೀಗೆ: 15 ದಿನಕ್ಕೆ 12,000, ಓಟಿ 6 ಗಂಟೆಗೆ 1,200, ಉಳಿದ ಗಳಿಕೆ ರಜೆ 9 ದಿನಕ್ಕೆ 7,200, ಒಟ್ಟು 20,400. ಅಡ್ವಾನ್ಸ್ ಬಾಕಿ 5,000 ಕಳೆದು 15,400. ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ನೌಕರರ ವಿಮೆ) ಕಡಿತ ಇದ್ದರೆ ಅದು ಬೇರೆ. ಇಷ್ಟನ್ನೂ ಎರಡು ದಿನದಲ್ಲಿ ಮಾಡಬೇಕಾದರೆ ಓಟಿ ಗಂಟೆಯೂ ರಜೆಯ ಉಳಿಕೆಯೂ 17ನೇ ತಾರೀಖಿನವರೆಗೆ ಪುಸ್ತಕದಲ್ಲಿ ಏರಿರಬೇಕು. ದುಡ್ಡನ್ನು ಬ್ಯಾಂಕಿಗೇ ಹಾಕಿ. ನಗದು ಕೊಟ್ಟರೆ ರಸೀದಿಯಲ್ಲಿ ‘ಎಲ್ಲಾ ಬಾಕಿ ಮುಟ್ಟಿತು’ ಎಂಬ ಒಂದೇ ಸಾಲು ಬರೆಸಬೇಡಿ, ಮೇಲಿನ ನಾಲ್ಕೂ ಬಾಬತ್ತು ಬೇರೆ ಬೇರೆ ಬರೆದು ಕೆಳಗೆ ಸಹಿ ಪಡೆಯಿರಿ.